ಚರ್ಮದ ಬಣ್ಣ ಎಂದರೆ ಯಾರ ಚರ್ಮ?

ಬಳೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಉಗುರುಬಣ್ಣದ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಕೆಂಪು, ಮರೂನು, ನೇರಳೆಗಳ ಅಬ್ಬರದ ನಡುವೆ ಮೂಲೆಯಲ್ಲಿ ಒಂದೆರಡು ಮಂಕು ಬಾಟಲಿಗಳೂ ಇರುತ್ತವೆ. ಇದು ಯಾವ ಬಣ್ಣ ಎಂದು ಕೇಳಿದರೆ ಅಂಗಡಿಯವರು 'ಸ್ಕಿನ್ ಕಲರ್' ಎನ್ನುತ್ತಾರೆ. ಕಚೇರಿಗೋ ಶಾಲೆಗೋ ಹೋಗುವ ಹೆಂಗಸರು, ಕಣ್ಣಿಗೆ ಹೊಡೆಯದಂತಿರಲಿ ಎಂದು ಅದನ್ನೇ ಕೊಳ್ಳುತ್ತಾರೆ. ಮನೆಗೆ ತಂದು ಹಚ್ಚಿಕೊಂಡರೆ ಅನೇಕರಿಗೆ ನಿರಾಸೆ. ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ ಬೆರಳುಗಳ ತುದಿಯಲ್ಲಿ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಹಾಗಾದರೆ ಬಾಟಲಿ ಹೇಳುವ ಆ ಚರ್ಮ ಯಾರದು?

ಪ್ರಶ್ನೆ ಉಗುರಿನಷ್ಟೇ ಸಣ್ಣದು. ಆದರೆ ಅದರ ಹಿಂದೆ ಒಂದಿಷ್ಟು ರಸಾಯನಶಾಸ್ತ್ರವೂ ಒಂದಿಷ್ಟು ಚರಿತ್ರೆಯೂ ಇದೆ.

ಮೊದಲು ಉಗುರಿನ ಮಾತು. ಉಗುರಿಗೆ ತನ್ನದೇ ಆದ ಬಣ್ಣ ಹೆಚ್ಚೇನೂ ಇಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಅರೆಪಾರದರ್ಶಕ ಹಲ್ಲೆ. ನಮಗೆ ಕಾಣುವ ನಸುಗೆಂಪು ಅದರ ಕೆಳಗೆ ಹರಿಯುವ ರಕ್ತದ್ದು. ಉಗುರಿನ ತುದಿಯನ್ನು ಒತ್ತಿದರೆ ಬಿಳಿಚಿಕೊಂಡು, ಬಿಟ್ಟೊಡನೆ ಮತ್ತೆ ಕೆಂಪಾಗುವುದು ಇದೇ ಕಾರಣಕ್ಕೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಉಗುರು ನೀಲಿಗಟ್ಟುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಉಗುರುಬಣ್ಣ ತೆಗೆಯಿರಿ ಎಂದು ಆಸ್ಪತ್ರೆಗಳಲ್ಲಿ ಹೇಳುವುದರ ಹಿಂದೆಯೂ ಈ ತಿಳಿವಳಿಕೆ ಇದೆ.

ಇಂಥ ಉಗುರಿಗೆ ಬಣ್ಣ ಕೊಡುವ ವಿದ್ಯೆ ನಮಗೆ ಹೊಸದಲ್ಲ. ಮದರಂಗಿ, ಗೋರಂಟಿ ಎಂದು ನಾವು ಕರೆಯುವ ಗಿಡದ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ಎಲೆಯನ್ನು ನುಣ್ಣಗೆ ರುಬ್ಬಿ ಹಚ್ಚಿದಾಗ ಅದು ಕೆರಾಟಿನ್‌ನೊಂದಿಗೆ ಸೇರಿಕೊಳ್ಳುತ್ತದೆ. ಅಂಗೈಯ ಬಣ್ಣ ಒಂದೆರಡು ವಾರಗಳಲ್ಲಿ ಮಾಸುತ್ತದೆ. ಉಗುರಿನದು ಮಾತ್ರ ಉಗುರು ಬೆಳೆದು ಕತ್ತರಿಸಿಹೋಗುವವರೆಗೂ ಉಳಿಯುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಪೂರ್ತಿ ಹೋಗಲು ನಾಲ್ಕರಿಂದ ಆರು ತಿಂಗಳೇ ಬೇಕು. ಒಂದೇ ಬಟ್ಟಲಿನ ಗೋರಂಟಿ ಅಕ್ಕನ ಕೈಯಲ್ಲಿ ಒಂದು ಬಗೆಯಾಗಿ, ತಂಗಿಯ ಕೈಯಲ್ಲಿ ಇನ್ನೊಂದು ಬಗೆಯಾಗಿ ಕಾಣುವುದನ್ನು ಎಲ್ಲ ಮನೆಗಳಲ್ಲೂ ನೋಡಿದ್ದೇವೆ. ಗೋರಂಟಿ ಕೈಯ ಬಣ್ಣವನ್ನು ಮುಚ್ಚುವುದಿಲ್ಲ, ಅದರ ಜೊತೆ ಸೇರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಬಾಟಲಿಯ ಉಗುರುಬಣ್ಣದ ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಇದನ್ನು ಪಡೆಯುತ್ತಾರೆ. ಇದರದೇ ಒಂದು ರೂಪ ಸಿಡಿಮದ್ದಾಯಿತು, ಇನ್ನೊಂದು ರೂಪ ಹಳೆಯ ಸಿನಿಮಾ ರೀಲಾಯಿತು. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬೇಗ ಒಣಗುವ ಬಣ್ಣವಾಗಿಯೂ ಇದು ಬಂತು. ಅದೇ ಜಾತಿಯ ಅರಗು ಹೆಂಗಸರ ಉಗುರಿಗೂ ಏರಿತು. ಆರಂಭದಲ್ಲಿ ಕ್ಯೂಟೆಕ್ಸ್‌ನಂಥ ಕಂಪನಿಗಳು ಮಾರಿದ್ದು ತಿಳಿಗುಲಾಬಿಯ, ಉಗುರು ಕಾಣುವಂಥ ತೆಳು ಬಣ್ಣವನ್ನೇ. ನಮ್ಮಲ್ಲಿ ಕೆಲವು ಕಡೆ ಹಿರಿಯರು ಯಾವ ಉಗುರುಬಣ್ಣವನ್ನಾದರೂ 'ಕ್ಯೂಟೆಕ್ಸ್' ಎಂದೇ ಕರೆಯುತ್ತಿದ್ದರು. 1932ರಲ್ಲಿ ಚಾರ್ಲ್ಸ್ ಮತ್ತು ಜೋಸೆಫ್ ರೆವ್ಸನ್ ಸಹೋದರರು ರಸಾಯನ ಬಲ್ಲ ಚಾರ್ಲ್ಸ್ ಲಾಕ್‌ಮನ್ ಜೊತೆ ಸೇರಿ ರೆವ್ಲಾನ್ ಕಂಪನಿ ಕಟ್ಟಿದರು. ಕರಗುವ ಬಣ್ಣದ ಬದಲು ಅವರು ಪುಡಿಬಣ್ಣವನ್ನು ಬಳಸಿದರು. ಉಗುರನ್ನು ಪೂರ್ತಿ ಮುಚ್ಚುವ ದಟ್ಟ ಬಣ್ಣ ಹೀಗೆ ಮಾರುಕಟ್ಟೆಯನ್ನು ಗೆದ್ದಿತು.

ನಮ್ಮ ದೇಶದಲ್ಲಿ 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಆಶ್ರಯದಲ್ಲಿ ಲ್ಯಾಕ್ಮೆ ಹುಟ್ಟಿತು. ಹೆಸರು ಬಂದದ್ದು 1883ರ ಫ್ರೆಂಚ್ ಸಂಗೀತನಾಟಕವೊಂದರ ನಾಯಕಿಯಿಂದ. ಅದು ನಮ್ಮ ಲಕ್ಷ್ಮಿಯ ಫ್ರೆಂಚ್ ಉಚ್ಚಾರ. ಹೆಸರು ಪ್ಯಾರಿಸ್ ಸುತ್ತಿಕೊಂಡು ಮನೆಗೆ ಮರಳಿತು. ಆದರೆ 'ಮೈಬಣ್ಣ' ಎಂಬ ಮಾತು ಮಾತ್ರ ಅಷ್ಟು ಸುಲಭವಾಗಿ ಮನೆಗೆ ಬರಲಿಲ್ಲ.

ಅಮೆರಿಕದ ಕ್ರಯೋಲಾ ಕಂಪನಿ ಮಕ್ಕಳ ಬಣ್ಣದ ಕಡ್ಡಿಗಳಲ್ಲಿ ಒಂದಕ್ಕೆ 'ಫ್ಲೆಶ್', ಅಂದರೆ ಮಾಂಸಲ ಮೈಬಣ್ಣ ಎಂದು ಹೆಸರಿಟ್ಟಿತ್ತು. ಬಿಳಿಯರ ಮೈಬಣ್ಣದ ಆ ಕಡ್ಡಿಯ ಹೆಸರನ್ನು 1962ರಲ್ಲಿ 'ಪೀಚ್' ಎಂದು ಬದಲಾಯಿಸಿತು. ಹಣ್ಣಿನ ಹೆಸರಿಗೆ ಯಾರ ತಕರಾರೂ ಇರಲಾರದು. ನಮ್ಮಲ್ಲಿ 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ' ಎಂದು ಹಾಕಿಕೊಂಡದ್ದು 2020ರಲ್ಲಿ. ವಧೂವರರ ಜಾಹೀರಾತಿನಲ್ಲಿ ಗೋಧಿ ಬಣ್ಣವೂ ಅರ್ಧ ಕ್ಷಮೆ ಕೇಳುವ ಧಾಟಿಯಲ್ಲಿ ನಿಲ್ಲುವ ಸಮಾಜ ನಮ್ಮದು. ಹೀಗಿರುವಾಗ 'ಸ್ಕಿನ್ ಕಲರ್' ಹಚ್ಚಿಕೊಂಡ ಹುಡುಗಿಗೆ, ತಪ್ಪು ಬಾಟಲಿಯದಲ್ಲ, ತನ್ನ ಬೆರಳಿನದೇ ಎಂದು ಅನ್ನಿಸಿದರೆ ಆಶ್ಚರ್ಯವೇನು?

ತಪ್ಪು ಬಾಟಲಿಯದೇ. ದಟ್ಟವಾದ ತಿಳಿಬಣ್ಣಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹೆಚ್ಚಿರುತ್ತದೆ. ಗೋಡೆಯ ಬಿಳಿ ಬಣ್ಣದಲ್ಲಿ ಇರುವುದೂ ಇದೇ. ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಚದುರಿಸುವುದು ಅದರ ಗುಣ. ಆದ್ದರಿಂದ ಕಂದು ಬೆರಳಿನ ಪಕ್ಕದಲ್ಲಿ ಉಗುರು ಬೂದಿ ಹಚ್ಚಿದಂತೆ ಎದ್ದು ಕಾಣುತ್ತದೆ. ತೆಳು ಉಗುರುಬಣ್ಣದಲ್ಲಿ ಪುಡಿ ಕಡಿಮೆ. ಬೆಳಕು ಅದರ ಮೂಲಕ ಹಾದು ಉಗುರಿನ ಕೆಳಗಿನ ಬಣ್ಣವನ್ನು ಮುಟ್ಟಿ ಮರಳುತ್ತದೆ. ಹಾಗಾಗಿ ಅದರ ಬಣ್ಣ ಅರ್ಧ ಬಾಟಲಿಯದು, ಅರ್ಧ ನಮ್ಮದು. ಗೋರಂಟಿಯ ನ್ಯಾಯವೇ ಇಲ್ಲೂ ನಡೆಯುತ್ತದೆ.

ಆದ್ದರಿಂದ ಇದಕ್ಕೆ ಬಹಳ ಹಣ ಚೆಲ್ಲಬೇಕಾಗಿಲ್ಲ. ಕಡಿಮೆ ಬೆಲೆಯ ತೆಳು ಬಣ್ಣವನ್ನು ಒಂದೇ ಉಗುರಿಗೆ ಒಂದು ಸಲ ಹಚ್ಚಿ, ಒಣಗಿದ ಮೇಲೆ ಟ್ಯೂಬ್‌ಲೈಟಿನಲ್ಲಲ್ಲ, ಹಗಲು ಬೆಳಕಿನಲ್ಲಿ ನೋಡಬೇಕು. ಅಂಗೈಯ ಜೊತೆಗಲ್ಲ, ಉಗುರಿನ ಪಕ್ಕದ ಚರ್ಮದ ಜೊತೆಗೆ ಹೋಲಿಸಬೇಕು. ಅದಕ್ಕಿಂತ ಬೆಳ್ಳಗೆ ಕಂಡರೆ ಆ ಬಾಟಲಿ ನಮ್ಮದಲ್ಲ. ಕಂದು ಕೈಗೆ ತಿಳಿಗುಲಾಬಿಗಿಂತ ಚಹಾ, ಜೇನು, ಒಣಗುಲಾಬಿಯ ಛಾಯೆಗಳು ಸಾಮಾನ್ಯವಾಗಿ ಹೊಂದುತ್ತವೆ. ಸರಿಹೊಂದಿದರೆ ಇನ್ನೊಂದು ಲಾಭವೂ ಇದೆ. ಪಾತ್ರೆ ತೊಳೆದು, ಬಟ್ಟೆ ಒಗೆದು ತುದಿ ಚಕ್ಕೆ ಎದ್ದರೂ, ಬುಡದಲ್ಲಿ ಹೊಸ ಉಗುರು ಬಂದರೂ ಅಷ್ಟಾಗಿ ತಿಳಿಯುವುದಿಲ್ಲ.

ಅಗ್ಗ ಎಂದು ಕಣ್ಣುಮುಚ್ಚಿ ಕೊಳ್ಳಬಾರದು, ಅಷ್ಟೆ. ಟೊಲುಯಿನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಎಂಬ ಮೂರರ ಮೇಲೆ ಬಹುಕಾಲದಿಂದ ಆಕ್ಷೇಪವಿದೆ. ಒಳಗೇನಿದೆ ಎಂದು ಬರೆದಿರದ ಬಾಟಲಿಯನ್ನು ಬಿಡುವುದೇ ಲೇಸು. ಒಲೆಯ ಹತ್ತಿರ ಹಚ್ಚಬಾರದು. ಈ ದ್ರಾವಣಗಳಿಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ.

ತೆಳು ಬಣ್ಣ ಬಡವರ ಪಾಲಿನದು ಎಂದೂ ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಹಲವು ವರ್ಷ ಹಚ್ಚಿಕೊಂಡದ್ದು ಎಸ್ಸಿ ಕಂಪನಿಯ 'ಬ್ಯಾಲೆ ಸ್ಲಿಪ್ಪರ್ಸ್' ಎಂಬ ತೆಳು ಗುಲಾಬಿಯನ್ನು. 1989ರಲ್ಲಿ ಅದಕ್ಕಾಗಿ ರಾಣಿಯ ಕೇಶಾಲಂಕಾರದವರೇ ಕಂಪನಿಗೆ ಪತ್ರ ಬರೆದಿದ್ದರು. ಅದು ಅವರ ಕೈಗೆ ಹೊಂದುವ ಬಣ್ಣ. ನಮ್ಮ ಕೈಗೆ ಹೊಂದುವುದು ಬೇರೆ ಇರುತ್ತದೆ. ಅದನ್ನು ಹುಡುಕಿಕೊಳ್ಳುವಾಗ ಬಾಟಲಿಯ ಮೇಲಿನ ಹೆಸರನ್ನು ನಂಬುವ ಬದಲು ಬೆರಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಬಣ್ಣ ಕೈಗೆ ಹೊಂದಬೇಕೇ ಹೊರತು ಕೈ ಬಣ್ಣಕ್ಕಲ್ಲ.