ಗಾಳಿ ಎರಡು ಪಟ್ಟು, ಕರೆಂಟು ಎಂಟು ಪಟ್ಟು

ಆಷಾಢದ ಒಂದು ಮಧ್ಯಾಹ್ನ ಚಿತ್ರದುರ್ಗದ ಬಳಿಯ ಗುಡ್ಡದ ನೆತ್ತಿಯಲ್ಲಿ, ಗಾಳಿಯಂತ್ರದ ಬುಡಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಹೆದ್ದಾರಿಯಿಂದ ನೋಡಿದಾಗ ತೂಕಡಿಸುವಂತೆ ತಿರುಗುತ್ತಿದ್ದ ರೆಕ್ಕೆಗಳು ಇಲ್ಲಿ ಸುಂಯ್, ಸುಂಯ್ ಎಂದು ತಲೆಯ ಮೇಲಿನಿಂದ ಬೀಸಿ ಹೋಗುತ್ತಿದ್ದವು. 50 ಮೀಟರ್ ಉದ್ದದ ರೆಕ್ಕೆ 4 ಸೆಕೆಂಡಿಗೊಂದು ಸುತ್ತು ಹಾಕಿದರೆ, ಅದರ ತುದಿ ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ!

ಜನ ಇದನ್ನು ‘ಫ್ಯಾನು’ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಮನೆಯ ಫ್ಯಾನಿಗೆ ಕರೆಂಟು ಕೊಟ್ಟರೆ ಗಾಳಿ; ಇದಕ್ಕೆ ಗಾಳಿ ಕೊಟ್ಟರೆ ಕರೆಂಟು.

ಗಾಳಿ ಬಂದು ರೆಕ್ಕೆಯನ್ನು ತಳ್ಳುತ್ತದೆ ಎಂದೇ ನಾನೂ ಬಹಳ ಕಾಲ ನಂಬಿದ್ದೆ. ನಡೆಯುವುದು ಬೇರೆ. ರೆಕ್ಕೆಯ ಒಂದು ಮೈ ಹೆಚ್ಚು ಉಬ್ಬಿದೆ. ಆ ಕಡೆ ಗಾಳಿ ಬೇಗ ಜಾರುತ್ತದೆ, ಒತ್ತಡ ತಗ್ಗುತ್ತದೆ, ರೆಕ್ಕೆ ಅತ್ತ ಸೆಳೆಯಲ್ಪಡುತ್ತದೆ. ವಿಮಾನವನ್ನು ಮೇಲೆತ್ತುವ ಬಲವೇ ಇಲ್ಲಿ ಸುತ್ತಿಸುವ ಬಲ. ಆ ನಿಧಾನದ ಸುತ್ತನ್ನು ಕಂಬದ ತಲೆಯಲ್ಲಿರುವ ಗೇರ್‌ಬಾಕ್ಸ್ ಸುಮಾರು ನೂರು ಪಟ್ಟು ಹೆಚ್ಚಿಸಿ ಜನರೇಟರಿಗೆ ದಾಟಿಸುತ್ತದೆ. ತಂತಿಸುರುಳಿಯ ಪಕ್ಕದಲ್ಲಿ ಅಯಸ್ಕಾಂತ ತಿರುಗಿದರೆ ವಿದ್ಯುತ್ ಹರಿಯುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದೇ ಇದರ ಬೇರು.

ನನ್ನನ್ನು ಬೆರಗುಗೊಳಿಸುವುದು ಗಾಳಿಯ ಲೆಕ್ಕ. ಇಂಥ ರೆಕ್ಕೆಗಳ ವೃತ್ತದೊಳಗೆ, ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ನುಗ್ಗಿದರೆ, ಪ್ರತಿ ಸೆಕೆಂಡಿಗೆ ಸುಮಾರು 75 ಟನ್ ಗಾಳಿ ಹಾದುಹೋಗುತ್ತದೆ. ಕಣ್ಣಿಗೆ ಕಾಣದ ಏಳು ಲಾರಿ ಲೋಡು! ವೇಗ ಎರಡು ಪಟ್ಟಾದರೆ ಹಾಯುವ ಗಾಳಿಯೂ ಎರಡು ಪಟ್ಟು, ಅದರ ಪ್ರತಿ ಕಿಲೋದ ಕಸುವು ನಾಲ್ಕು ಪಟ್ಟು. ಒಟ್ಟು ಎಂಟು ಪಟ್ಟು. ಕಣದಲ್ಲಿ ರಾಶಿ ತೂರಿದವರಿಗೆ ಇದು ಮೈಗೇ ಗೊತ್ತು. ಮಂದ ಗಾಳಿಯಲ್ಲಿ ಅರ್ಧ ದಿನ ಮೊರ ಎತ್ತಿ ಹಿಡಿದರೂ ಮುಗಿಯದ ಕೆಲಸ, ಒಳ್ಳೆಯ ಗಾಳಿ ಎದ್ದರೆ ಗಳಿಗೆಯಲ್ಲಿ ಮುಗಿಯುತ್ತದೆ.

ಆದರೆ ಗಾಳಿಯ ಕಸುವನ್ನೆಲ್ಲ ಹಿಂಡಿಕೊಳ್ಳಲಾಗದು. ಹಿಂಡಿದರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡುತ್ತದೆ, ಮುಂದಿನ ಗಾಳಿಗೆ ದಾರಿಯಿಲ್ಲ. ಹೆಚ್ಚೆಂದರೆ ಶೇಕಡ 59 ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರಲ್ಲೇ ಲೆಕ್ಕ ಹಾಕಿದ. ಗಾಳಿ ಅತಿಯಾದರೂ ಕಷ್ಟವೇ; ಗಂಟೆಗೆ 90 ಕಿಲೋಮೀಟರ್ ದಾಟಿದರೆ ಬಹುಪಾಲು ಯಂತ್ರಗಳು ರೆಕ್ಕೆಯ ಅಂಚನ್ನು ಗಾಳಿಗೆ ಒಡ್ಡಿ ನಿಂತುಬಿಡುತ್ತವೆ.

ಕರ್ನಾಟಕಕ್ಕೆ ಈ ಯಂತ್ರಗಳು ಬೇಕೇಬೇಕು ಎಂದು ನಾನು ಹೇಳುವುದು ಇದೇ ಆಷಾಢಕ್ಕಾಗಿ. ಜೂನ್, ಜುಲೈನಲ್ಲಿ ಪಾವಗಡದ ಸೌರಫಲಕಗಳ ಮೇಲೆ ಮೋಡ. ಜಲಾಶಯಗಳು ಇನ್ನೂ ತುಂಬಬೇಕು. ಅದೇ ಹೊತ್ತಿಗೆ ನೈರುತ್ಯದ ಗಾಳಿ ಚಿತ್ರದುರ್ಗ, ಗದಗದ ಗುಡ್ಡಗಳನ್ನು ಹತ್ತುತ್ತದೆ. ಈ ಗುಡ್ಡಗಳು ವರ್ಷದ ಗಾಳಿ ಕರೆಂಟಿನ ದೊಡ್ಡ ಪಾಲನ್ನು ದುಡಿಯುವುದು ಮುಂಗಾರಿನ ನಾಲ್ಕು ತಿಂಗಳಲ್ಲೇ.

ಸಂಜೆ ಗಾಳಿ ದಿಕ್ಕು ಬದಲಿಸಿತು. ಯಾರೂ ಮುಟ್ಟಲಿಲ್ಲ, ಕಂಬದ ತಲೆಯೇ ಗರಗರ ಸದ್ದು ಮಾಡುತ್ತಾ, ಗಾಳಿಗೆ ಮುಖ ಮಾಡಿ ಮೆಲ್ಲಗೆ ತಿರುಗಿತು.