ಶಾಲಾ ತಂಡವೋ, ಕ್ಲಬ್ ತಂಡವೋ? ಖೋ-ಖೋ ಆಡುವ ಪ್ರೌಢಶಾಲಾ ಬಾಲಕಿಗೆ ಶಿಕ್ಷಕರ ಮಾರ್ಗದರ್ಶನ

ಬೋಧನಾಭ್ಯಾಸಕ್ಕೆ ಹೋದಾಗ ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಗಳೂ ನಮಗೆ ಎದುರಾಗುತ್ತವೆ. ಅಂಥ ಒಂದು ಪ್ರಶ್ನೆ ಇದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಖೋ-ಖೋ ಚೆನ್ನಾಗಿ ಆಡುತ್ತಾಳೆ. ಶಾಲೆಯ ತಂಡ ಅವಳನ್ನೇ ನೆಚ್ಚಿಕೊಂಡಿದೆ. ಹತ್ತಿರದ ಪಟ್ಟಣದ ಕ್ಲಬ್ಬಿನವರೂ ಕರೆಯುತ್ತಿದ್ದಾರೆ. "ಯಾವುದಕ್ಕೆ ಕಳಿಸೋದು, ನೀವೇ ಹೇಳಿ ಮಿಸ್" ಎಂದು ತಾಯಿ ಕೇಳುತ್ತಾರೆ. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಯಲ್ಲಿ ಈ ಪ್ರಶ್ನೆಗೆ ವಿಜ್ಞಾನದವರೋ ಗಣಿತದವರೋ ಉತ್ತರಿಸಬೇಕಾಗುತ್ತದೆ. ಹಾಗಾಗಿ ಎರಡೂ ದಾರಿಗಳ ಸ್ವರೂಪ ನಮಗೆ ತಿಳಿದಿರಬೇಕು.

ಈ ಲೇಖನದ ಮುಖ್ಯ ಮಾತನ್ನು ಮೊದಲೇ ಹೇಳುವೆ. ಮಗು ಯಾವ ತಂಡಕ್ಕೆ ಆಡಬೇಕೆಂದು ತೀರ್ಪು ಕೊಡುವುದು ಶಿಕ್ಷಕರ ಕೆಲಸವಲ್ಲ. ಆರಿಸಿದ ದಾರಿ ಕೈಕೊಟ್ಟರೆ ಮಗು ಓದಿಗೆ ಮರಳಲು ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಎರಡು ವ್ಯವಸ್ಥೆಗಳು

ಶಾಲಾ ಕ್ರೀಡಾಕೂಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಅದರ ಮೇಲೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ವಯೋಮಿತಿ 14, 17 ಮತ್ತು 19 ವರ್ಷ. ಪ್ರೌಢಶಾಲೆಯ ಹೆಚ್ಚಿನ ಮಕ್ಕಳು 17 ವರ್ಷದೊಳಗಿನವರ ವಿಭಾಗಕ್ಕೆ ಬರುತ್ತಾರೆ. ಇಲ್ಲಿ ಆಡಲು ಮಗು ಶಾಲೆಯ ದಾಖಲಾತಿಯಲ್ಲಿ ಇರಲೇಬೇಕು.

ಕ್ಲಬ್ಬಿನ ದಾರಿ ಬೇರೆ. ಕ್ಲಬ್ಬು ಜಿಲ್ಲಾ ಖೋ-ಖೋ ಸಂಸ್ಥೆಯ ಮೂಲಕ ರಾಜ್ಯ ಸಂಸ್ಥೆಗೆ, ಅಲ್ಲಿಂದ ಭಾರತೀಯ ಖೋ-ಖೋ ಫೆಡರೇಷನ್ನಿಗೆ ಸೇರಿಕೊಂಡಿರುತ್ತದೆ. ಸಬ್ ಜೂನಿಯರ್, ಜೂನಿಯರ್, ಸೀನಿಯರ್ ಎಂಬ ವಿಭಾಗಗಳಿವೆ. ಜಿಲ್ಲೆಯ, ರಾಜ್ಯದ ತಂಡಗಳಿಗೆ ಆಟಗಾರರನ್ನು ಒಬ್ಬೊಬ್ಬರಾಗಿ ಆಯ್ಕೆ ಮಾಡುತ್ತಾರೆ.

ಈ ವ್ಯತ್ಯಾಸ ಸಣ್ಣದಲ್ಲ. ಶಾಲಾ ಕೂಟದ ಕೆಳಹಂತಗಳಲ್ಲಿ ಗೆದ್ದ ಶಾಲೆ ಮುಂದೆ ಹೋಗುತ್ತದೆ, ಸೋತ ಶಾಲೆ ಮನೆಗೆ ಬರುತ್ತದೆ. ಹುಡುಗಿ ಎಷ್ಟೇ ಚೆನ್ನಾಗಿ ಆಡಲಿ, ತಂಡ ವಲಯ ಮಟ್ಟದಲ್ಲಿ ಸೋತರೆ ಆ ವರ್ಷಕ್ಕೆ ಅವಳಿಗೆ ದಕ್ಕುವುದು ಒಂದೆರಡು ಪಂದ್ಯ ಮಾತ್ರ. ಕ್ಲಬ್ಬಿಗೆ ಸೇರಿದರೆ ವರ್ಷವಿಡೀ ಅಭ್ಯಾಸ ಸಿಗುತ್ತದೆ, ತನಗಿಂತ ಬಲವಾದವರೊಡನೆ ಆಡುವ ಅವಕಾಶ ಸಿಗುತ್ತದೆ. ಇದು ಹುಡುಗಿಯ ನ್ಯಾಯವಾದ ಅಗತ್ಯ. ಅದನ್ನು ಶಾಲೆಗೆ ಮಾಡಿದ ದ್ರೋಹವೆಂದು ನೋಡಬಾರದು.

ಈಚೆಗೆ ಈ ಆಸೆಗೆ ಇನ್ನೊಂದು ಕಾರಣವೂ ಸೇರಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಭಾರತ ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಆ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿಯರಿಗೆ ಇದು ದೂರದ ಸುದ್ದಿಯಲ್ಲ, ಪಕ್ಕದೂರಿನ ಸುದ್ದಿ. ಆದರೆ ವಿಶ್ವಕಪ್ ನಡೆದದ್ದು ಮ್ಯಾಟ್ ಮೇಲೆ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಇರುವುದು ಮಣ್ಣಿನ ಅಂಕಣ. ಈ ಅಂತರವೂ ಮಕ್ಕಳನ್ನು ಕ್ಲಬ್ಬಿನ ಕಡೆಗೆ ಎಳೆಯುತ್ತದೆ.

ಇದೇ ಪ್ರಶ್ನೆ ಇನ್ನೊಂದು ನಾಡಿನಲ್ಲಿ

ಅಮೆರಿಕದಲ್ಲಿ ಸಾಫ್ಟ್‌ಬಾಲ್ ಆಡುವ ಹುಡುಗಿಯರೂ ಇದೇ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿ ಹೈಸ್ಕೂಲ್ ತಂಡ ಒಂದು ಕಡೆ. ವಾರಾಂತ್ಯಗಳಲ್ಲಿ ಊರೂರಿಗೆ ಹೋಗಿ ಆಡುವ, ಪಾಲಕರೇ ಖರ್ಚು ಹೊರುವ 'ಟ್ರಾವೆಲ್' ತಂಡ ಇನ್ನೊಂದು ಕಡೆ. ಕಾಲೇಜು ತಂಡಗಳ ತರಬೇತುದಾರರು ಆಟಗಾರ್ತಿಯರನ್ನು ಹುಡುಕುವುದು ಹೆಚ್ಚಾಗಿ ಟ್ರಾವೆಲ್ ಪಂದ್ಯಾವಳಿಗಳಲ್ಲಿ. ಸಹಪಾಠಿಗಳೊಡನೆ ಊರವರ ಮುಂದೆ ಆಡುವ ಸಂತೋಷ, ಓದಿನಲ್ಲಿ ನಿಗದಿತ ಮಟ್ಟ ಉಳಿಸಿಕೊಳ್ಳಬೇಕೆಂಬ ಶಿಸ್ತು ಶಾಲಾ ತಂಡದಲ್ಲಿವೆ.

ಅಲ್ಲಿ ಅನೇಕರು ಎರಡನ್ನೂ ಆಡುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ಋತು ವಸಂತಕಾಲದಲ್ಲಿ ಇರುತ್ತದೆ, ಟ್ರಾವೆಲ್ ಪಂದ್ಯಗಳ ಭರಾಟೆ ಬೇಸಿಗೆ ಮತ್ತು ಶರತ್ಕಾಲದಲ್ಲಿ. ಎರಡೂ ಒಂದರ ಮೇಲೊಂದು ಬೀಳದಿರುವುದರಿಂದ ಅದು ಸಾಧ್ಯವಾಗುತ್ತದೆ. ನಮಗೂ ಇದರಲ್ಲಿ ಪಾಠವಿದೆ: ಮೊದಲು ತಂಡಗಳನ್ನು ಹೋಲಿಸುವುದಕ್ಕಿಂತ ಕ್ಯಾಲೆಂಡರುಗಳನ್ನು ಹೋಲಿಸಬೇಕು. ನಮ್ಮ ಶಾಲಾ ಕೂಟದ ದಿನಾಂಕ, ಕ್ಲಬ್ಬಿನ ಆಯ್ಕೆಶಿಬಿರದ ದಿನಾಂಕ, ಶಾಲೆಯ ಪರೀಕ್ಷೆಗಳ ದಿನಾಂಕ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಎಷ್ಟೋ ಕಡೆ "ಇದೋ ಅದೋ" ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ನಿಜವಾಗಿ ಘರ್ಷಣೆ ಇರುವ ಎರಡು ಮೂರು ವಾರಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಅವುಗಳ ಬಗ್ಗೆ ಕ್ಲಬ್ಬಿನ ತರಬೇತುದಾರರೊಡನೆ ಮುಖ್ಯಶಿಕ್ಷಕರು ಮೊದಲೇ ಮಾತಾಡಬಹುದು.

ದೇಹದ ಲೆಕ್ಕ

ಎರಡೂ ತಂಡಗಳಲ್ಲಿ ಆಡುವ ಮಗುವಿಗೆ ಒಂದು ಅಪಾಯವಿದೆ. ಎರಡೂ ಕಡೆಯ ಅಭ್ಯಾಸವನ್ನು ಕೂಡಿಸಿ ನೋಡುವವರು ಯಾರೂ ಇರುವುದಿಲ್ಲ. ವಿಜ್ಞಾನ ಶಿಕ್ಷಕರು ಇಲ್ಲಿ ನೆರವಾಗಬಹುದು. ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎಂಬ ಸರಳ ಸೂತ್ರ ಕ್ರೀಡಾವೈದ್ಯರಲ್ಲಿ ಬಳಕೆಯಲ್ಲಿದೆ. ಬೆಳಿಗ್ಗೆ ಶಾಲೆಯಲ್ಲಿ ದಿನಕ್ಕೆ 1 ಗಂಟೆಯಂತೆ 5 ದಿನ, ಸಂಜೆ ಕ್ಲಬ್ಬಿನಲ್ಲಿ 2 ಗಂಟೆಯಂತೆ 6 ದಿನ ಎಂದರೆ ಒಟ್ಟು 17 ಗಂಟೆ. ಹುಡುಗಿಯ ವಯಸ್ಸು 14. ಅಂದರೆ 3 ಗಂಟೆ ಹೆಚ್ಚು. ಬೆಳಗಿನ ಅಭ್ಯಾಸವನ್ನು 2 ದಿನಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಗಳೂ ಉಪಯುಕ್ತ. ವಾರಕ್ಕೆ 1ರಿಂದ 2 ದಿನ ಬಿಡುವು ಇರಬೇಕು. ತನ್ನ ಮುಖ್ಯ ಆಟದಿಂದ ವರ್ಷದಲ್ಲಿ ಒಟ್ಟು 3 ತಿಂಗಳು, ಒಂದೊಂದು ತಿಂಗಳಂತೆ, ವಿಶ್ರಾಂತಿ ಬೇಕು. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15 ಅಥವಾ 16ನೇ ವಯಸ್ಸಿನವರೆಗೆ ಮುಂದೂಡುವುದು ಒಳ್ಳೆಯದು.

ಈ ವಯಸ್ಸಿನಲ್ಲಿ ಮೂಳೆಗಳ ತುದಿಯ ಬೆಳವಣಿಗೆಯ ಭಾಗ ಇನ್ನೂ ಮೃದು. ಖೋ-ಖೋದಲ್ಲಿ ಕೂತಲ್ಲಿಂದ ಚಿಮ್ಮುವುದು, ಕಂಬ ಹಿಡಿದು ತಿರುಗುವುದು, ಬಾಗಿ ಜಿಗಿಯುವುದು ಎಲ್ಲವೂ ಮೊಣಕಾಲು ಮತ್ತು ಪಾದದ ಕೀಲಿನ ಮೇಲೆ ಭಾರ ಹಾಕುತ್ತವೆ. ಇದರ ಜೊತೆಗೆ ಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. "ಇತ್ತೀಚೆಗೆ ಓಡಲು ಆಗ್ತಿಲ್ಲ" ಎಂದರೆ ಸೋಮಾರಿತನ ಎನ್ನುವ ಮೊದಲು ಊಟ, ಮುಟ್ಟು, ಕಬ್ಬಿಣಾಂಶದ ಮಾತ್ರೆಗಳ ಬಗ್ಗೆ ವಿಚಾರಿಸಬೇಕು. ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರಲ್ಲಿಗೆ ಕಳಿಸಬೇಕು.

ಪಾಲಕರ ಮುಂದಿಡಬೇಕಾದ ಪ್ರಶ್ನೆಗಳು

1. ಕ್ಲಬ್ಬು ಜಿಲ್ಲಾ ಸಂಸ್ಥೆಗೆ ಸೇರಿದೆಯೇ? ಸೇರಿಲ್ಲದಿದ್ದರೆ ಅಲ್ಲಿಂದ ಜಿಲ್ಲಾ ಆಯ್ಕೆಗೆ ಹೋಗುವ ದಾರಿ ಯಾವುದು?
2. ತಿಂಗಳ ಶುಲ್ಕ, ಬಸ್ಸಿನ ಖರ್ಚು, ಶೂ, ಪಂದ್ಯಾವಳಿಯ ಪ್ರಯಾಣ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ?
3. ಸಂಜೆ ಅಭ್ಯಾಸ ಮುಗಿದ ಮೇಲೆ ಮನೆಗೆ ಬಸ್ಸಿದೆಯೇ? ಹೊರ ಊರಿನ ಪಂದ್ಯಗಳಿಗೆ ಹುಡುಗಿಯರ ಜೊತೆ ಮಹಿಳಾ ಮೇಲ್ವಿಚಾರಕಿ ಹೋಗುತ್ತಾರೆಯೇ? ಮಕ್ಕಳ ಸುರಕ್ಷತೆಯ ಈ ಪ್ರಶ್ನೆ ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ.
4. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು?
5. ಶಾಲೆ ಬದಲಿಸಬೇಕೆಂದು ಯಾರಾದರೂ ಹೇಳುತ್ತಿದ್ದಾರೆಯೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾದಾಗ ಶಾಲೆ ಬದಲಾಗುವುದು ಸಹಜ. ಅಲ್ಲಿ ಊಟ, ವಸತಿ, ಓದಿಗೆ ಒಂದು ವ್ಯವಸ್ಥೆ ಇರುತ್ತದೆ. ಆದರೆ ಬರೀ ಬಾಯಿಮಾತಿನ ಭರವಸೆ ನಂಬಿ ವರ್ಗಾವಣೆ ಪತ್ರ ತೆಗೆದುಕೊಂಡು, ಮುಂದಿನ ಶಾಲೆಗೆ ಸೇರದೆ ಉಳಿದ ಮಗುವಿನ ಗತಿ ಏನು? ಶಿಕ್ಷಣ ಹಕ್ಕು ಕಾಯ್ದೆ ರಕ್ಷಿಸುವುದು 6ರಿಂದ 14 ವರ್ಷದವರನ್ನು. ಒಂಬತ್ತನೇ ತರಗತಿಯ ಮಗು ಆ ಬೇಲಿಯ ಅಂಚಿನಲ್ಲಿ ಅಥವಾ ಆಚೆ ಇರುತ್ತದೆ. ಶಾಲೆ ಬಿಟ್ಟ ಹುಡುಗಿಗೆ ಮೊಣಕಾಲು ಪೆಟ್ಟಾದರೆ ಆಟವೂ ಹೋಯಿತು, ಓದೂ ಹೋಯಿತು. ಮನೆಯಲ್ಲಿ ಮದುವೆಯ ಮಾತು ಶುರುವಾಗಲು ತಡವಿಲ್ಲ. ಆದ್ದರಿಂದ ಹೊಸ ಶಾಲೆಯ ಪ್ರವೇಶ ಖಚಿತವಾಗುವ ಮೊದಲು ಹಳೆಯ ಶಾಲೆಯ ವರ್ಗಾವಣೆ ಪತ್ರ ತೆಗೆಯಬೇಡಿ ಎಂದು ಪಾಲಕರಿಗೆ ಸ್ಪಷ್ಟವಾಗಿ ಹೇಳಬೇಕು.

ಶಾಲೆ ಮಾಡಬಹುದಾದದ್ದು

ಕ್ಲಬ್ಬಿಗೆ ಹೋಗುವ ಮಗುವನ್ನು ಶಾಲೆ ಕಳೆದುಕೊಳ್ಳಬೇಕಿಲ್ಲ. ಪಂದ್ಯಕ್ಕೆ ಹೋದ ದಿನಗಳ ಪತ್ರಗಳನ್ನು ಕಡತದಲ್ಲಿಟ್ಟು ಹಾಜರಾತಿಯನ್ನು ತಿಂಗಳಿಗೊಮ್ಮೆ ನೋಡಬೇಕು, ಎಸ್‌ಎಸ್‌ಎಲ್‌ಸಿಗೆ ಶೇ. 75 ಹಾಜರಾತಿ ಬೇಕೆಂಬುದು ಹತ್ತನೇ ತರಗತಿಯ ಕೊನೆಗೆ ನೆನಪಾದರೆ ಪ್ರಯೋಜನವಿಲ್ಲ. ತಪ್ಪಿದ ಪಾಠಕ್ಕೆ ಒಬ್ಬ ಸಹಪಾಠಿಯ ಟಿಪ್ಪಣಿ, ತಪ್ಪಿದ ಪ್ರಯೋಗಕ್ಕೆ ಶನಿವಾರದ ಅರ್ಧ ಗಂಟೆ ಸಾಕು. ಪ್ರಮಾಣಪತ್ರಗಳ ನಕಲನ್ನು ಶಾಲೆಯಲ್ಲೂ ಇಡಬೇಕು. ಕ್ಲಬ್ಬಿನಲ್ಲಿ ಕಲಿತದ್ದನ್ನು ಅವಳೇ ಶಾಲಾ ತಂಡಕ್ಕೆ ವಾರಕ್ಕೊಮ್ಮೆ ಹೇಳಿಕೊಟ್ಟರೆ ಉಳಿದ ಹುಡುಗಿಯರಿಗೂ ಲಾಭ.

ಮತ್ತೊಂದು ಮಾತು: ತಾಯಿ ತಂದೆಯರನ್ನು ಕೇಳುವ ಮೊದಲು, ತರಬೇತುದಾರರನ್ನು ಕೇಳುವ ಮೊದಲು ಹುಡುಗಿಯನ್ನೇ ಕೇಳಬೇಕು. ಗೆಳತಿಯರ ಜೊತೆ ಆಡುವುದೇ ಅವಳಿಗೆ ಸಾಕಾಗಿರಬಹುದು. ಅಥವಾ ರಾಜ್ಯ ತಂಡದ ಕನಸನ್ನು ಯಾರಿಗೂ ಹೇಳದೆ ಇಟ್ಟುಕೊಂಡಿರಬಹುದು. ಎರಡಕ್ಕೂ ಬೆಲೆಯಿದೆ. ಅವಳು ಯಾವುದನ್ನೇ ಆರಿಸಲಿ, ಹತ್ತನೇ ತರಗತಿ ಮುಗಿಯುವ ತನಕ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಉಳಿಯಬೇಕು, ಹೆಸರು ಕರೆದಾಗ ಅವಳು ತರಗತಿಯಲ್ಲಿ ಇರಬೇಕು.