ಶಾಸನ ಓದಿದವರಿಗೆ ಎಷ್ಟು ಅಂಕ?

ವಿದ್ವಾಂಸರ ಕೆಲಸವನ್ನು ಈಗ ಎಚ್-ಇಂಡೆಕ್ಸ್ ಅನ್ನೋ ಸಂಖ್ಯೆಯಿಂದ ಅಳೆಯುವ ರೂಢಿ ಇದೆ. 2005ರಲ್ಲಿ ಇದನ್ನು ಸೂಚಿಸಿದವರು ಭೌತವಿಜ್ಞಾನಿ ಹಿರ್ಷ್. ಲೆಕ್ಕ ಸುಲಭ. ಒಬ್ಬರ ಐದು ಲೇಖನಗಳನ್ನು ಬೇರೆಯವರು 10, 6, 4, 3, 1 ಬಾರಿ ಉಲ್ಲೇಖಿಸಿದ್ದಾರೆ ಅಂದುಕೊಳ್ಳಿ. ಕನಿಷ್ಠ 3 ಉಲ್ಲೇಖ ಪಡೆದ 3 ಲೇಖನಗಳಿವೆ. ಕನಿಷ್ಠ 4 ಪಡೆದ 4 ಲೇಖನಗಳಿಲ್ಲ. ಹಾಗಾಗಿ ಅವರ ಎಚ್-ಇಂಡೆಕ್ಸ್ 3.

ಆದರೆ ಒಂದೇ ಕೊಳಗದಲ್ಲಿ ಎಲ್ಲ ಕ್ಷೇತ್ರಗಳನ್ನೂ ಅಳೆಯೋಕಾಗಲ್ಲ. ಹಿಗ್ಸ್ ಕಣದ ದ್ರವ್ಯರಾಶಿ ಕುರಿತ 2015ರ ಒಂದು ಲೇಖನಕ್ಕೆ 5,000ಕ್ಕೂ ಹೆಚ್ಚು ಲೇಖಕರು! ಅಷ್ಟೂ ಜನರ ಲೆಕ್ಕಕ್ಕೆ ಅದು ಸೇರುತ್ತೆ. ನಮ್ಮಲ್ಲೋ, ಕಲ್ಲು ತೋರಿಸಿದ ಊರಿನವರು, ಪಡಿಯಚ್ಚು ತೆಗೆದವರು ಸಹಲೇಖಕರಾಗುವುದೇ ಅಪರೂಪ.

ಬಿ.ಎಲ್. ರೈಸ್ ಅವರನ್ನೇ ನೋಡಿ. 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಒಂದೊಂದು ಸಂಪುಟವನ್ನು ಸಾವಿರ ಸಲ ಉಲ್ಲೇಖಿಸಿದರೂ ಅವುಗಳಿಂದ ಬರುವ ಎಚ್-ಇಂಡೆಕ್ಸ್ 12 ದಾಟಲ್ಲ. ಅದೂ ಉಲ್ಲೇಖ ಅವರ ಹೆಸರಿಗೆ ಸೇರಿದರೆ! ನಾವು ಸಾಮಾನ್ಯವಾಗಿ 'ಎ.ಕ.' ಅಂತ ಬರೆದು, ಸಂಪುಟ, ತಾಲೂಕು, ಶಾಸನ ಸಂಖ್ಯೆ ಕೊಟ್ಟು ಮುಂದೆ ಹೋಗ್ತೀವಿ. ಹೆಸರು ಹುಡುಕುವ ಯಂತ್ರಕ್ಕೆ ಅಲ್ಲಿ ಸಂಪಾದಕರು ಕಾಣೋದೇ ಇಲ್ಲ.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಮುಂದಿನ ಸಲ ಶಾಸನ ಉಲ್ಲೇಖಿಸುವಾಗ ಸಂಪಾದಕರ ಹೆಸರು, ವರ್ಷ ಎರಡನ್ನೂ ಬರೆಯಿರಿ. ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ ಬದಲಾಗಿರುವುದರಿಂದ ಓದುಗರಿಗೂ ಅನುಕೂಲ. ಬಿಸಿಲಲ್ಲಿ ಕೂತು ಅಕ್ಷರ ಬಿಡಿಸಿದವರ ಋಣವೂ ಅಷ್ಟಿಷ್ಟು ತೀರುತ್ತೆ.